ಚಟ್ನಿಯ ಹದವನ್ನು ಕಲಕುವಾಗ ನೋಡಬೇಡಿ

ಮುಂಬೈ ಬಳಿಯ ನಮ್ಮ ಡೊಂಬಿವಲಿಯ ಮನೆಗಳಲ್ಲಿ ಈಗ ಹುಣಸೆ-ಖರ್ಜೂರದ ಚಟ್ನಿಗೂ ಟೊಮೆಟೊ ಸಾಸಿಗೂ ಕ್ಸಾಂಥನ್ ಗಮ್ ಎಂಬ, ದಪ್ಪ ತರುವ ಪುಡಿಯನ್ನು ಬೆರೆಸುವ ಅಭ್ಯಾಸ ಬಂದಿದೆ. ಬಾಟಲಿಯಲ್ಲಿ ನೀರು ಬೇರೆ, ತಿರುಳು ಬೇರೆ ಆಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಪುಡಿಯನ್ನು ನೇರವಾಗಿ ಪಾತ್ರೆಗೆ ಸುರಿದು, ಗಂಟು ಕಟ್ಟಿದಾಗ ಸೌಟಿನಿಂದ ಜಜ್ಜಿ, ಇನ್ನೂ ತೆಳ್ಳಗಿದೆಯೆಂದು ಮತ್ತಷ್ಟು ಸುರಿಯುವ ಮಕ್ಕಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇದು ಅಂಟಿನ ಉಂಡೆಗಾಗಿ ತುಪ್ಪದಲ್ಲಿ ಕರಿಯುವ ಮರದ ಅಂಟಲ್ಲ. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣಿಸಿ, ಹುದುಗಿಸಿ ಪಡೆಯುವ ಪದಾರ್ಥ. ಅಮೆರಿಕದ ಪಿಯೋರಿಯಾದ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಮತ್ತು ಸಂಗಡಿಗರು ಇದನ್ನು ಬೆಳಕಿಗೆ ತಂದರು. 1969ರಲ್ಲಿ ಅಲ್ಲಿ ಆಹಾರದಲ್ಲಿ ಬಳಸಲು ಒಪ್ಪಿಗೆ ದೊರೆಯಿತು. ಇದರ ಬೆನ್ನೆಲುಬು ಹತ್ತಿಯ ನಾರಿನಲ್ಲಿರುವಂಥದೇ ಗ್ಲೂಕೋಸಿನ ಸರಪಳಿ. ಆದರೆ ಒಂದು ಬಿಟ್ಟು ಒಂದು ಗ್ಲೂಕೋಸಿಗೆ ಮೂರು ಸಕ್ಕರೆಗಳ ಕವಲೊಂದು ಅಂಟಿಕೊಂಡಿರುತ್ತದೆ. ಆ ಕವಲುಗಳಲ್ಲಿ ಋಣ ವಿದ್ಯುದಂಶವಿರುವುದರಿಂದ ಹತ್ತಿ ಕರಗದ ನೀರಿನಲ್ಲಿ ಇದು ಕರಗುತ್ತದೆ, ತಣ್ಣೀರಾದರೂ ಸರಿ.

ಗಂಟಿನ ಮೂಲವೂ ಅದೇ. ನಮ್ಮ ತಾಯಿ ಮಜ್ಜಿಗೆಹುಳಿಗೆ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಬೆರಳಿನಿಂದ ಬಟ್ಟಲಿನ ತಳ ಸವರಿ ನೋಡಿದ ಮೇಲೆಯೇ ಹಾಕುತ್ತಿದ್ದರು. ಹಿಟ್ಟು ತಣ್ಣೀರಿನಲ್ಲಿ ಉಬ್ಬುವುದಿಲ್ಲವಾದ್ದರಿಂದ ಆ ಕ್ರಮ ಸರಿ. ಈ ಪುಡಿಯನ್ನು ಹಾಗೆ ಕದಡಿದರೆ ಹೊರಮೈ ಕ್ಷಣದಲ್ಲಿ ಲೋಳೆಯಾಗಿ, ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ.

ಆದ್ದರಿಂದ ನಾನು ಹೇಳುವಂತೆ ಮಾಡಿ. ಬಟ್ಟಲು ಒಣಗಿರಲಿ, ಚಮಚ ಒಣಗಿರಲಿ, ಕೈಯೂ ಒಣಗಿರಲಿ. ಒಂದು ಚಿಟಿಕೆ ಪುಡಿಗೆ ಚಟ್ನಿಗೆ ಹೇಗೂ ಬೀಳುವ ಸಕ್ಕರೆಯಿಂದಲೇ ಧಾರಾಳವಾಗಿ ತೆಗೆದು ಬೆರೆಸಿ, ಬಿಳಿ ಪುಡಿ ಎಲ್ಲಿದೆಯೆಂದು ಕಣ್ಣಿಗೆ ಕಾಣದಷ್ಟು ಹೊತ್ತು ಕೈಯಾಡಿಸಿ. ಸಕ್ಕರೆಯ ಹರಳುಗಳು ಕಣಕಣವನ್ನೂ ಬೇರೆಯಾಗಿಡುತ್ತವೆ. ಸಕ್ಕರೆ ಬೇಡದ ಅಡುಗೆಗೆ ಎಣ್ಣೆಯಲ್ಲಿ ಕದಡಿಕೊಳ್ಳಿ. ಬಳಿಕ ಎಡಗೈಯಲ್ಲಿ ಕಡಗೋಲು ಹಿಡಿದು ಚಟ್ನಿಯಲ್ಲಿ ಸುಳಿ ಏಳಿಸಿ, ಬಲಗೈಯ ಎರಡು ಬೆರಳುಗಳ ನಡುವಿನಿಂದ ರಂಗೋಲಿ ಎಳೆಯುವಂತೆ ಸಣ್ಣಗೆ ಉದುರಿಸಿ. ಉದುರಿಸುವಾಗ ಫೋನು ಬಂದರೂ ಕೈ ನಿಲ್ಲಿಸಬಾರದು.

ಆಮೇಲೆ ಪಾತ್ರೆಯನ್ನು ಮುಚ್ಚಿಟ್ಟು ಬೇರೆ ಕೆಲಸ ನೋಡಿ. ಮಳೆಗಾಲ ಹತ್ತಿರವಿದ್ದರೆ ಅಷ್ಟರಲ್ಲಿ ರವೆಯನ್ನು ಹುರಿದಿಡಿ; ಮುಂಬೈಯ ತೇವದಲ್ಲಿ ಹಸಿ ರವೆಗೆ ಹುಳು ಬಿದ್ದ ಮೇಲೆ ಜರಡಿ ಹಿಡಿದು ಕೂರುವುದು ಸಂಸಾರದ ಲಕ್ಷಣವಲ್ಲ.

ಕಲಕುತ್ತಿರುವಾಗ ಹದ ನೋಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಇದರ ಅಣುಗಳು ಬಿರುಸಾದ ಕಡ್ಡಿಗಳು. ನಿಂತ ದ್ರವದಲ್ಲಿ ಒಂದನ್ನೊಂದು ಹಿಡಿದು ಜಾಲವಾಗಿ, ತಿರುಳು ತಳಕ್ಕಿಳಿಯದಂತೆ ತಡೆಯುತ್ತವೆ. ಸೌಟು ಆಡಿದೊಡನೆ ಜಾಲ ಸಡಿಲಿ ಕಡ್ಡಿಗಳೆಲ್ಲ ಹರಿವಿನ ದಿಕ್ಕಿಗೆ ಸಾಲಾಗುವುದರಿಂದ ಚಟ್ನಿ ತೆಳ್ಳಗಾಗುತ್ತದೆ, ಸೌಟು ನಿಂತೊಡನೆ ಮತ್ತೆ ದಪ್ಪವಾಗುತ್ತದೆ. ಬಾಟಲಿ ಅಲ್ಲಾಡಿಸಿದರೆ ಸಲೀಸಾಗಿ ಸುರಿಯುವ ಚಟ್ನಿ ತಟ್ಟೆಯಲ್ಲಿ ಹರಡದೆ ನಿಲ್ಲುವುದು ಈ ಗುಣದಿಂದಲೇ. ಹುಣಸೆಯ ಹುಳಿಯಾಗಲಿ, ಉಪ್ಪಾಗಲಿ, ಒಲೆಯ ಬಿಸಿಯಾಗಲಿ ಇದನ್ನು ಸುಲಭವಾಗಿ ಕೆಡಿಸುವುದಿಲ್ಲ. ಕಾರ್ನ್‌ಫ್ಲೋರ್ ಹಾಕಿ ಹುಳಿಯೊಂದಿಗೆ ಬಹಳ ಹೊತ್ತು ಕುದಿಸಿದರೆ ಹದ ಒಡೆಯುತ್ತದೆ, ಇದು ಒಡೆಯುವುದಿಲ್ಲ.

ಪುಡಿ ಕಟ್ಟೆಯ ಮೇಲೆ ಚೆಲ್ಲಿದರೆ ಒದ್ದೆ ಬಟ್ಟೆ ಹಾಕಬೇಡಿ, ಎಷ್ಟು ತಿಕ್ಕಿದರೂ ಜಾರುತ್ತದೆ. ಮೊದಲು ಒಣ ಬಟ್ಟೆಯಿಂದ ಬಳಿದು ತೆಗೆಯಿರಿ, ನೀರು ಆಮೇಲೆ.