ಆನ್‌ಲೈನ್ ಸುರಕ್ಷತೆ: ಮಗು ಬಂದು ಹೇಳುವ ಹಾಗೆ ಕಲಿಸುವುದು ಹೇಗೆ?

ಜೋರು ಮಳೆ ಹಿಡಿದರೆ ಕೊಡಗಿನಲ್ಲಿ ಶಾಲೆಗೆ ರಜೆ. ಮಕ್ಕಳು ಮನೆಯೊಳಗೆ, ಫೋನು ಅವರ ಕೈಯಲ್ಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದೊಡ್ಡವರು ತೋಟದಿಂದ ಬರುವವರೆಗೂ ಇದೇ ಕತೆ. ಆಗ ನಾವು ಮೇಷ್ಟ್ರುಗಳೂ ಅಪ್ಪ ಅಮ್ಮಂದಿರೂ 'ಅದು ಮುಟ್ಟಬೇಡ, ಇದು ನೋಡಬೇಡ' ಎಂದು ಪಟ್ಟಿ ಓದುತ್ತೇವೆ. ಮಗು ತಲೆಯಾಡಿಸಿ ಮರೆತುಬಿಡುತ್ತದೆ. ನಾನು ಕಲಿಸಿ ಎನ್ನುವುದು ಒಂದೇ ಅಭ್ಯಾಸ: ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಬಂದು ಹೇಳುವುದು.

ಮೊದಲು ಫೋನು. ಮಗುವಿಗೆ ಬೇರೆ ಫೋನಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ. ಮಗುವಿನ ಫೋನಿನ ಮೇಲೆ ದೊಡ್ಡವರು ಕಣ್ಣಿಡಲು ಇರುವ ಆಪ್ ಅದು, ದುಡ್ಡು ಕೊಡಬೇಕಿಲ್ಲ. ಅಪ್ಪನ ಫೋನೇ ಆದರೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಆಪ್ ಪಿನ್ನಿಂಗ್' ಹುಡುಕಿ ಆನ್ ಮಾಡಿ. ಪರದೆಯ ಮೇಲೆ ಒಂದೇ ಆಪ್ ನಿಲ್ಲಿಸುವ ವ್ಯವಸ್ಥೆ ಅದು. ಪಿನ್ ಮಾಡಿದ ಆಪ್ ಬಿಟ್ಟು ಹೊರಗೆ ಬರಲು ಲಾಕ್ ನಂಬರ್ ಕೇಳುವ ಹಾಗೆ ಇಡಿ. ಸಿಕ್ಕಸಿಕ್ಕ ಉಚಿತ 'ಆಪ್ ಲಾಕ್'ಗಳನ್ನು ಮಾತ್ರ ಇಳಿಸಬೇಡಿ, ಅವುಗಳ ಜಾಹೀರಾತೇ ಮಗುವನ್ನು ಎಲ್ಲೆಲ್ಲಿಗೋ ಕರೆದೊಯ್ಯುತ್ತದೆ. ವಾಟ್ಸಾಪ್‌ನ ನಿಯಮದಲ್ಲೇ ಸ್ವಂತ ಅಕೌಂಟಿಗೆ ಕನಿಷ್ಠ ವಯಸ್ಸು 13. ಮೂರನೇ ಕ್ಲಾಸಿನ ಮಗುವಿಗೆ ಅಕೌಂಟ್ ಬೇಡವೇ ಬೇಡ. ಇಯರ್‌ಫೋನೂ ಬೇಡ. ಏನು ನಡೀತಿದೆ ಅಂತ ಅಡುಗೆಮನೆಗೆ ಕೇಳಿಸಬೇಕು.

ಆಮೇಲೆ, ಯಾರಿಗೂ ಏನೇನು ಹೇಳಬಾರದು ಎಂಬುದು. ಫೋನ್ ನಂಬರ್, ಒಟಿಪಿ, ಫೋಟೋ ಎಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಮನೆತನದ ಹೆಸರನ್ನೂ ಸೇರಿಸಿ. ಮನೆತನ, ಊರು ಎರಡು ಗೊತ್ತಾದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಮನೆ ದಾರಿ ತೋರಿಸುತ್ತಾರೆ, ಅಲ್ವಾ? ಯೂನಿಫಾರ್ಮ್ ಫೋಟೋದಲ್ಲಿ ಶಾಲೆಯ ಬ್ಯಾಡ್ಜ್ ಇದ್ದರೂ ಅಷ್ಟೇ.

ಇನ್ನು ಎಲ್ಲರೂ ಎಡವುವ ಹಂತ. ಬಾಯಲ್ಲಿ ಹೇಳಿದರೆ ಸಾಲದು, ಆಡಿಸಬೇಕು. ನೀವೇ ಗೇಮಿನ ಅಪರಿಚಿತರಾಗಿ. 'ನಾನೂ ಐದನೇ ಕ್ಲಾಸು. ನಿಂಗೆ ಫ್ರೀ ಡೈಮಂಡ್ ಕೊಡ್ತೀನಿ. ಅಮ್ಮನ ಫೋನಿಗೆ ಒಂದು ನಂಬರ್ ಬರುತ್ತೆ, ಅದು ಹೇಳು ಸಾಕು.' ಮಗು ಏನು ಮಾಡುತ್ತದೆ ನೋಡಿ. ಸುಮಾರು ಮಕ್ಕಳು 'ಕೊಡಲ್ಲ' ಎನ್ನುತ್ತಾರೆ. ಅಲ್ಲಿಗೇ ನಿಲ್ಲಿಸಬೇಡಿ. ಮುಂದಿನ ಮಾತು ಮುಖ್ಯ: 'ಯಾರಿಗೂ ಹೇಳ್ಬೇಡ. ಹೇಳಿದ್ರೆ ನಿಮ್ಮಪ್ಪ ಫೋನ್ ಕಿತ್ಕೊಳ್ತಾರೆ.' ಇಲ್ಲಿ ಮಗುವಿನ ಮುಖ ಸಣ್ಣದಾಗುತ್ತದೆ. ಯಾಕೆಂದರೆ ಅದು ನಿಜ, ನಾವು ಕಿತ್ತುಕೊಳ್ಳುತ್ತೇವೆ. ಕೆಟ್ಟವರು ನಂಬಿರುವುದೂ ಅದನ್ನೇ.

ಹಾಗಾಗಿ ಅಭ್ಯಾಸ ದೊಡ್ಡವರಿಗೂ ಬೇಕು. ಮಗು ಫೋನ್ ಹಿಡಿದು ನಿಮ್ಮ ಹತ್ತಿರ ಬಂದು ಹೇಳುವುದನ್ನೂ ಆಡಿಸಿ. ನಿಮ್ಮ ಮೊದಲ ಮಾತು 'ಹೇಳಿದ್ದು ಒಳ್ಳೇದಾಯ್ತು ಮಗಾ' ಎಂದೇ ಇರಲಿ. 'ಯಾಕೆ ನೋಡಿದೆ?' ಎಂದು ಕೇಳಿದಿರೋ, ಮಾತು ಅಲ್ಲಿಗೇ ನಿಂತಿತು. ತಾನೇ ಬಂದು ಹೇಳಿದ ಮಗುವಿನಿಂದ ಅವತ್ತು ಫೋನ್ ಕಸಿದುಕೊಳ್ಳಲೇಬಾರದು. ಇದರಲ್ಲಿ ರಾಜಿ ಬೇಡ. ಅಪ್ಪ ಅಮ್ಮ ಇಲ್ಲದಾಗ ಅಜ್ಜಿಗೋ ಟೀಚರಿಗೋ ಹೇಳಬಹುದು ಎಂದು ಮೊದಲೇ ಹೆಸರು ಗೊತ್ತುಮಾಡಿ, ಅಜ್ಜಿಗೂ ಹೇಳಿಡಿ. ಮನೆಯಲ್ಲಿ ಕೊಡವ, ಅರೆಭಾಷೆ, ಮಲಯಾಳ ಯಾವುದೇ ಆಡಲಿ, ಈ ಆಟ ಅದರಲ್ಲೇ ನಡೆಯಲಿ. ಹೆದರಿದ ಮಗುವಿನ ಬಾಯಿಗೆ ಬರುವುದು ಮನೆಮಾತೇ.

ಅನುಮಾನದ ಮೆಸೇಜ್ ಬಂದಿದ್ದರೆ ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ. ಅಕೌಂಟಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಮಗುವಿನ ಕೆಟ್ಟ ಫೋಟೋ ಏನಾದರೂ ಇದ್ದರೆ ಅದನ್ನು ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ, ನೇರ ಪೊಲೀಸರ ಬಳಿ ಹೋಗಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಮಗುವೇ ಕರೆ ಮಾಡಬಹುದು. ಈ ನಂಬರನ್ನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿಸಿ.