ಹುಡುಗರಿಗೆ ಕೆಲಸ ಹೇಳುವುದು ಹೇಗೆ: ಒಬ್ಬ ರಿಟೈರ್ಡ್ ಫೌಜಿಯ ಶನಿವಾರದ ಪಾಠ

ಸೈನ್ಯದಿಂದ ರಿಟೈರ್ ಆಗಿ ಹಾಸನಕ್ಕೆ ಬಂದ ಮೇಲೆ ಶನಿವಾರ ಸಂಜೆ ಒಂದಷ್ಟು ಹುಡುಗ ಹುಡುಗಿಯರಿಗೆ ಲೀಡರ್‌ಶಿಪ್ ಪಾಠ ಮಾಡುತ್ತೇನೆ. ಕರ್ನಲ್ ಸಾಹೇಬರು ಮೀಸೆ ತಿರುವಿ, ಗಡಿಯ ಕಥೆ ಹೇಳಿ, ಮೈ ಜುಮ್ಮೆನ್ನಿಸಿ ಕಳಿಸುತ್ತಾರೆ ಅಂತ ಮೊದಲ ದಿನ ಬಹಳ ಜನ ಅಂದುಕೊಂಡಿರುತ್ತಾರೆ. ಆ ಜೋಶ್ ಸೋಮವಾರ ಬೆಳಗ್ಗೆ ಹತ್ತು ಗಂಟೆವರೆಗೂ ಬಾಳುವುದಿಲ್ಲ. ಹಾಗಾಗಿ ನಾನು ಸುಮ್ನೆ ಒಂದು ಪ್ರಶ್ನೆ ಕೇಳುತ್ತೇನೆ. "ನಿನ್ನೆ ನಿಮ್ಮ ಹುಡುಗರಿಗೆ ಒಂದು ಕೆಲಸ ಹೇಳಿದಿರಲ್ಲ, ಹೇಗೆ ಹೇಳಿದಿರಿ? ಅದೇ ಮಾತಿನಲ್ಲಿ ಹೇಳಿ ನೋಡೋಣ."

ಅಲ್ಲೇ ಎಲ್ಲರೂ ತಡವರಿಸುವುದು.

ಶಾಮಿಯಾನ, ಲೈಟಿಂಗ್ಸ್ ಇಟ್ಟುಕೊಂಡ ಒಬ್ಬ ಹುಡುಗ ಬರುತ್ತಿದ್ದ. ಕೈಕೆಳಗೆ ಆರು ಜನ. ಅವನು ಹೇಳಿದ್ದು ಇಷ್ಟೇ: "ನಾಳೆ ಅರಸೀಕೆರೆ ಕಡೆ ಮದುವೆ ಇದೆ, ಆಂಜನೇಯನ ಗುಡಿ ಹತ್ತಿರ, ಬೇಗ ಹೋಗಿ ಚೆನ್ನಾಗಿ ಹಾಕ್ರಪ್ಪಾ." ಆ ಊರಿನಲ್ಲಿ ಎರಡು ಆಂಜನೇಯನ ಗುಡಿ. ಹುಡುಗರು ಕೆರೆ ಏರಿಯ ಮೇಲಿನ ಗುಡಿಗೆ ಹೋಗಿ ಗೂಟ ಹೊಡೆದು, ಗಳ ನಿಲ್ಲಿಸಿ, ಅರ್ಧ ಬಟ್ಟೆ ಎಳೆದೂ ಆಗಿತ್ತು. ಮದುವೆ ಇದ್ದದ್ದು ಊರೊಳಗಿನ ಗುಡಿ ಮುಂದೆ. ಬಿಚ್ಚಿ ಮತ್ತೆ ಹಾಕುವಷ್ಟರಲ್ಲಿ ಬೀಗರು ಬಿಸಿಲಲ್ಲಿ ನಿಂತಿದ್ದರು. ಜನರೇಟರ್ ಶುರು ಮಾಡಲು ಹೋದರೆ ಡೀಸೆಲ್ ಇಲ್ಲ. ಹುಡುಗರಿಗೆ ಬುದ್ಧಿಯೇ ಇಲ್ಲ ಸರ್ ಅಂದ. ಇಲ್ಲಪ್ಪಾ, ಅವರಿಗೆ ನೀನು ಏನೂ ಹೇಳಿಯೇ ಇರಲಿಲ್ಲ ಅಂದೆ. ಮುಖ ಸಣ್ಣದು ಮಾಡಿಕೊಂಡ. ಮುಂದಿನ ಶನಿವಾರವೂ ಬಂದ, ಅದು ದೊಡ್ಡದು.

ಅವನಿಗೆ ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ಅಂಗಡಿ, ಆಫೀಸು, ಕಾಲೇಜ್ ಫೆಸ್ಟು, ಮನೆಯ ಗೃಹಪ್ರವೇಶ, ಎಲ್ಲಿ ಬೇಕಾದರೂ ನಡೆಯುತ್ತದೆ.

ಮೊದಲು ಹೋಗಿ ನೋಡಿ ಬನ್ನಿ. ಫೌಜಿನಲ್ಲಿ ಇದಕ್ಕೆ ರೆಕ್ಕಿ ಅನ್ನುತ್ತೇವೆ. ಫೋನಿನಲ್ಲಿ ಲೊಕೇಶನ್ ತರಿಸಿಕೊಂಡರೆ ಗುಡಿ ಎಲ್ಲಿದೆ ಅಂತ ಗೊತ್ತಾಗಬಹುದು, ನೆಲ ಕಲ್ಲೋ ಮಣ್ಣೋ, ಗೂಟ ಇಳಿಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ನಿಮಗೆ ಆಗದಿದ್ದರೆ ನಂಬಿಕೆಯವನೊಬ್ಬನನ್ನು ಕಳಿಸಿ. ಯಾರೂ ನೋಡದ ಜಾಗಕ್ಕೆ ಜನರನ್ನು ಕಳಿಸಬೇಡಿ.

ಆಮೇಲೆ ಅದನ್ನು ನೆಲದ ಮೇಲೆ ತೋರಿಸಿ. ನಾವು ಸ್ಯಾಂಡ್ ಮಾಡೆಲ್ ಮಾಡುತ್ತೇವೆ. ಮರಳಿನಲ್ಲಿ ಗುಡ್ಡ, ಬಣ್ಣದ ಪುಡಿಯಲ್ಲಿ ಹೊಳೆ, ದಾರದಲ್ಲಿ ರಸ್ತೆ, ಎಲ್ಲರೂ ಸುತ್ತ ಕೂತು ನೋಡುವುದು. ನಿಮಗೆ ಮರಳು ಬೇಡ, ಚಾಕ್‌ಪೀಸ್ ಸಾಕು. ಈ ಹುಡುಗ ಗೋಡೌನ್ ನೆಲದ ಮೇಲೆ ರಸ್ತೆ ಎಳೆದ, ಬೆಂಕಿಪೊಟ್ಟಣ ಇಟ್ಟು ಇದು ಗುಡಿ ಅಂದ, ಬೀಡಿ ಕಟ್ಟು ಇಟ್ಟು ಇದು ಜನರೇಟರ್ ಅಂದ. ತಕ್ಷಣ ಮೂಲೆಯಿಂದ ಒಬ್ಬ, ಯಾವತ್ತೂ ಬಾಯಿ ಬಿಡದವನು, "ಅಣ್ಣಾ, ಜನರೇಟರ್ ಅಲ್ಲಿಟ್ಟರೆ ಹೊಗೆಯೆಲ್ಲಾ ಅಡುಗೆ ಮನೆಗೇ ಹೋಗುತ್ತೆ" ಅಂದ. ಬರೀ ಬಾಯಲ್ಲಿ ಹೇಳಿದ್ದರೆ ಆ ಮಾತು ಬರುತ್ತಿರಲಿಲ್ಲ.

ಈಗ ಕೆಲಸ ಹೇಳಿ, ಇದೇ ಕ್ರಮದಲ್ಲಿ ಹೇಳಿ. ಪರಿಸ್ಥಿತಿ ಏನು: ಯಾರ ಮದುವೆ, ಎಷ್ಟು ಜನ, ಮಳೆ ಬರುವ ಹಾಗಿದೆಯಾ. ಗುರಿ ಏನು: "ಬೆಳಗ್ಗೆ 7 ಗಂಟೆಗೆ 300 ಕುರ್ಚಿ ಹಾಕಿ, ನೆರಳು, ಲೈಟು ರೆಡಿ ಇರಬೇಕು." ಈ ಗುರಿಯನ್ನು ಎರಡು ಸಲ ಹೇಳಿ. ಫೌಜಿನಲ್ಲೂ ಎರಡು ಸಲವೇ ಹೇಳುತ್ತೇವೆ, ಯಾಕೆಂದರೆ ಆಮೇಲೆ ಯೋಜನೆ ಪೂರಾ ಎಕ್ಕುಟ್ಟಿ ಹೋದರೂ ಗುರಿ ನೆನಪಿದ್ದವನು ಏನೋ ಒಂದು ದಾರಿ ಹುಡುಕಿಕೊಳ್ಳುತ್ತಾನೆ. ಮೂರನೆಯದು ಯಾರು ಏನು ಮಾಡಬೇಕು. ಇದನ್ನು ಹೆಸರು ಹಿಡಿದು ಹೇಳಿ. "ಯಾರಾದರೂ ಡೀಸೆಲ್ ತನ್ನಿ" ಅಂದರೆ ಯಾರೂ ತರುವುದಿಲ್ಲ, ಅಲ್ವಾ? ನಾಲ್ಕನೆಯದು ಊಟ, ಗಾಡಿ, ಡೀಸೆಲ್, ಕೈಖರ್ಚಿನ ದುಡ್ಡು. ಐದನೆಯದನ್ನು ಎಲ್ಲರೂ ಮರೆಯುತ್ತಾರೆ: ನಾನು ಇಲ್ಲದಿದ್ದರೆ ಯಾರ ಮಾತು ಕೇಳಬೇಕು, ಫೋನ್ ಸಿಗದಿದ್ದರೆ ಏನು ಮಾಡಬೇಕು. ಅವತ್ತು ಆ ಊರಿನಲ್ಲಿ ಸಿಗ್ನಲ್ ಇರಲಿಲ್ಲ, ಯಾರು ದೊಡ್ಡವರು ಅಂತ ಆರು ಜನರಿಗೂ ಗೊತ್ತಿರಲಿಲ್ಲ. ಅದಕ್ಕೇ ಅನುಮಾನ ಬಂದರೂ ಒಬ್ಬನೂ ಕೈ ನಿಲ್ಲಿಸಲಿಲ್ಲ.

ಕೊನೆಗೆ ಫೌಜಿನಲ್ಲಿ "ಕೋಯಿ ಶಕ್?" ಅಂತ ಕೇಳುತ್ತೇವೆ. ಏನಾದರೂ ಡೌಟ್ ಇದೆಯಾ ಅಂತ. ಎಲ್ಲರೂ ಒಂದೇ ದನಿಯಲ್ಲಿ "ನಹೀ ಸಾಬ್" ಅನ್ನುತ್ತಾರೆ. ಸರ್ವಿಸ್‌ನ ಮೊದಲ ಎರಡು ವರ್ಷ ನಾನು ಅದನ್ನು ನಂಬಿದ್ದೆ. ಒಂದು ರಾತ್ರಿ ಪೆಟ್ರೋಲಿಂಗ್ ಎಕ್ಸರ್‌ಸೈಜಿನಲ್ಲಿ ನನ್ನ ಅರ್ಧ ಸೆಕ್ಷನ್ ಬೇರೆ ನಾಲೆಯ ಹತ್ತಿರ ಕಾಯುತ್ತಾ ಕೂತಿತ್ತು, ನಾನು ಇನ್ನೊಂದು ನಾಲೆಯ ಹತ್ತಿರ ಅವರನ್ನು ಬೈಯುತ್ತಾ ಕೂತಿದ್ದೆ. ಬೆಳಗಾದ ಮೇಲೆ ಸುಬೇದಾರ್ ಸಾಹೇಬರು ಚಹಾ ಕೈಗೆ ಕೊಟ್ಟು, ಶಕ್ ಇದೆಯಾ ಅಂತ ಕೇಳಬೇಡಿ ಸಾಬ್, ಏನು ಮಾಡುತ್ತೀಯ ಹೇಳು ಅಂತ ಕೇಳಿ ಅಂದರು. ಅವತ್ತಿನಿಂದ ಹಾಗೇ ಕೇಳುತ್ತೇನೆ. ಗುಂಪಿನಲ್ಲಿ ಅತ್ಯಂತ ಹೊಸಬನನ್ನು ಆರಿಸಿ, "ನೀನು ನಾಳೆ ಮೊದಲು ಏನು ಮಾಡುತ್ತೀಯ? ಆಮೇಲೆ?" ಅನ್ನಿ. ಅವನು ತಪ್ಪು ಹೇಳಿದರೆ ಅವನನ್ನು ಗದರಬೇಡಿ, ಇನ್ನೊಂದು ಸಲ ಹೇಳಿ. ಹೇಳಿದ್ದರಲ್ಲೇ ಏನೋ ತಪ್ಪಿತ್ತು ಅಂತ ಲೆಕ್ಕ.

ಕೆಲಸ ನಡೆಯುವಾಗ ನೀವೆಲ್ಲಿ ನಿಲ್ಲಬೇಕು? ಇದನ್ನು ನನ್ನನ್ನು ಜಾಸ್ತಿ ಕೇಳುತ್ತಾರೆ. ಆಗ ನಮ್ಮ ಮಡಿಕೇರಿಯ ತಿಮ್ಮಯ್ಯನವರ ಮಾತು ಬಂದೇ ಬರುತ್ತದೆ. 1948ರ ಕಾಶ್ಮೀರ ಯುದ್ಧದಲ್ಲಿ ಪಾಕಿಸ್ತಾನದ ಕಡೆಯವರು ಜೋಜಿ ಲಾ ಕಣಿವೆ ಹಿಡಿದು ಲಡಾಖಿನ ದಾರಿ ಮುಚ್ಚಿದ್ದರು. ಸೆಪ್ಟೆಂಬರಿನಲ್ಲಿ ಕಾಲ್ದಳ ನಡೆಸಿದ ದಾಳಿ ಫಲ ಕೊಡಲಿಲ್ಲ. ನವೆಂಬರ್ 1ರಂದು 11,000 ಅಡಿಗೂ ಎತ್ತರದ ಆ ಕಣಿವೆಗೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ನುಗ್ಗಿಸಿದರು. ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲೇ ಕೂತು ಹೋದರು. ಎಲ್ಲರಿಗೂ ಆ ಮುಂದಿನ ಟ್ಯಾಂಕು ಇಷ್ಟ. ನನಗೆ ಅದಕ್ಕಿಂತ ಇಷ್ಟ ಅದರ ಕೆಳಗಿದ್ದ ರಸ್ತೆ. ಕಣಿವೆಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹತ್ತುವ ಹಾಗೆ ಅಗಲ ಮಾಡಿದವರು ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್, ಅದೇ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಸೆಂಟರ್ ಇರುವವರು. ಶತ್ರುವಿಗೆ ಸುಳಿವು ಸಿಗಬಾರದು ಅಂತ ಟ್ಯಾಂಕಿನ ಮೇಲ್ಭಾಗದ ಗೋಪುರಗಳನ್ನೇ ಬಿಚ್ಚಿ ಸಾಗಿಸಿದ್ದರು. ಇಷ್ಟೆಲ್ಲ ಆದ ಮೇಲೆ ಜನರಲ್ ಮುಂದೆ ಕೂತಿದ್ದಕ್ಕೆ ಬೆಲೆ ಬಂತು. ರಸ್ತೆ ಮಾಡದೆ ಮುಂದೆ ಹೋಗಿ ಕೂತಿದ್ದರೆ ಅದು ಬರೀ ಹುಂಬತನ. ಮಡಿಕೇರಿಗೆ ಹೋದರೆ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ಯಾವ ಜಾಗದಲ್ಲಿ ಕೆಲಸ ಕೆಡಬಹುದು ಅಂತ ಅನ್ನಿಸುತ್ತದೋ ಅಲ್ಲಿ ನಿಲ್ಲಿ. ನಮ್ಮ ಶಾಮಿಯಾನದ ಹುಡುಗ ಯಾವಾಗಲೂ ಹೆಣ್ಣಿನ ತಂದೆ ಪಕ್ಕ ನಿಂತು ಸ್ಟೇಜ್ ಹೂವಿನ ಬಗ್ಗೆ ಮಾತಾಡುತ್ತಿದ್ದ. ಈಗ ಧಾರೆ ಮುಗಿಯುವವರೆಗೂ ಜನರೇಟರ್ ಹತ್ತಿರ ಇರುತ್ತಾನೆ.

ಊಟದ ವಿಷಯ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ 1932ರಲ್ಲಿ ಉದ್ಘಾಟನೆ ಆದಾಗ ಆಗಿನ ಬ್ರಿಟಿಷ್ ಇಂಡಿಯಾ ಸೇನೆಯ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಮಾತು ಅಲ್ಲಿ ಇವತ್ತಿಗೂ ಕೆಡೆಟ್‌ಗಳ ಕಣ್ಣ ಮುಂದಿರುತ್ತದೆ: ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನವರು, ಕೊನೆಗೆ ನೀನು. ಕೇಳಲು ಭಾರೀ ಮಾತು. ಮಾಡುವುದು ಮಾತ್ರ ಸಣ್ಣ ಸಣ್ಣದು. ಹುಡುಗರು ಉಂಡರಾ ನೋಡಿ, ನೀವು ಆಮೇಲೆ ಉಣ್ಣಿ. ಮದುವೆ ಮನೆಯಲ್ಲಿ ಶಾಮಿಯಾನದ ಹುಡುಗರನ್ನು ಕೊನೆ ಪಂಕ್ತಿಗೆ ಕೂರಿಸುತ್ತಾರೆ, ಅಷ್ಟು ಹೊತ್ತಿಗೆ ಹೋಳಿಗೆ ಖಾಲಿ, ಸಾರು ತಣ್ಣಗೆ. ಮೊದಲೇ ಮಾತಾಡಿ ಅವರ ಎಲೆ ಗಟ್ಟಿ ಮಾಡಿಕೊಳ್ಳುವುದು ನಿಮ್ಮ ಕೆಲಸ.

ಫೌಜಿನಿಂದ ತರಬಾರದ್ದೂ ಇದೆ. ಕಿರುಚಾಟ, "ಯೆಸ್ ಸರ್" ಅನ್ನಿಸಿಕೊಳ್ಳುವ ಚಟ. ನನ್ನ ಜವಾನನಿಗೆ ಮಾರನೆಯ ದಿನ ಕೆಲಸ ಬಿಟ್ಟು ಹೋಗಲು ಆಗುತ್ತಿರಲಿಲ್ಲ, ನಿಮ್ಮ ಹುಡುಗ ಮಧ್ಯಾಹ್ನವೇ ಪಕ್ಕದ ಅಂಗಡಿಗೆ ಸೇರಿಕೊಳ್ಳುತ್ತಾನೆ. ಇನ್ನು ನಾಲ್ಕು ಗಂಟೆಗೆ ಏಳಿ, ತಣ್ಣೀರು ಸ್ನಾನ ಮಾಡಿ, ಯಶಸ್ಸು ಓಡಿ ಬರುತ್ತದೆ ಅನ್ನುವವರಿದ್ದಾರೆ. ನೀವು ಆರಕ್ಕೆ ಏಳಿ, ಪರವಾಗಿಲ್ಲ. ರಾತ್ರಿ ಮಲಗುವ ಮುಂಚೆ ನಾಳೆ ಬೇಕಾದದ್ದನ್ನೆಲ್ಲ ಒಂದೇ ಕಡೆ ಜೋಡಿಸಿಡಿ: ಬಟ್ಟೆ, ಚಾರ್ಜರ್, ಕಾಗದ, ಗಾಡಿ ಕೀ. ನಾನು ಫೌಜಿನಿಂದ ಮನೆಗೆ ತಂದು ಉಳಿಸಿಕೊಂಡ ಶಿಸ್ತು ಹೆಚ್ಚುಕಡಿಮೆ ಇದೊಂದೇ, ನನ್ನ ಹೆಂಡತಿಯನ್ನು ಕೇಳಿದರೆ ಇದೂ ಇಲ್ಲ ಅನ್ನಬಹುದು.

ಕೆಲಸ ಮುಗಿದ ದಿನ ಸಂಜೆ ಹತ್ತು ನಿಮಿಷ ಎಲ್ಲರೂ ಕೂರಿ. ಮೊದಲು ನಿಮ್ಮ ತಪ್ಪು ನೀವೇ ಹೇಳಿ. ನೀವು ಹೇಳದೆ ಯಾರೂ ಹೇಳುವುದಿಲ್ಲ. ಯೂನಿಟ್‌ನಲ್ಲಿ ಸೈನಿಕ ಸಮ್ಮೇಳನ ಅಂತ ಮಾಡುತ್ತೇವೆ, ಅಲ್ಲಿ ಜವಾನ ಎದ್ದು ನಿಂತು ಕಮಾಂಡಿಂಗ್ ಆಫೀಸರ್‌ಗೇ ನೇರವಾಗಿ ತನ್ನ ಕಷ್ಟ ಹೇಳಬಹುದು. ಶಾಮಿಯಾನದವನು ಇದನ್ನು ಟೀ ಅಂಗಡಿಯಲ್ಲಿ ಶುರು ಮಾಡಿದ. ಮೊದಲ ಎರಡು ಸಲ ಹುಡುಗರು ಬನ್ ತಿಂದು ಎದ್ದು ಹೋದರು. ಮೂರನೇ ಸಲ, ಹೊಗೆಯ ಮಾತಾಡಿದ್ದನಲ್ಲ, ಅವನೇ ಬಾಯಿ ಬಿಟ್ಟ. "ಅಣ್ಣಾ, ಅವತ್ತು ಕೆರೆ ಏರಿ ಗುಡಿ ಹತ್ತಿರ ಇಳಿದಾಗಲೇ ನನಗೆ ಅನ್ನಿಸಿತ್ತು, ಇಲ್ಲಿ ಒಂದು ಚಪ್ಪರವೂ ಇಲ್ಲ, ಮದುವೆ ಮನೆ ಹೇಗೆ ಇದ್ದೀತು ಅಂತ. ನೀವು ಬೈತೀರಿ ಅಂತ ಸುಮ್ಮನಾದೆ."