ಅಯ್ಯನವರ ಟ್ರಂಕು ತೆರೆಯುವ ಮುನ್ನ

ಹೋದ ವರ್ಷ ಹಾಸನದ ಒಂದು ಮನೆಯಿಂದ ಫೋನ್ ಬಂತು. ಆ ಮನೆಯ ಹಿರಿಯರು ಮೊದಲು ಕ್ರೈಸ್ತ ಸಭೆಯ ಅಯ್ಯನವರು, ಅಂದರೆ ಪಾದ್ರಿಯಾಗಿದ್ದರು, ಆಮೇಲೆ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಕೂಲಿ, ಜಮೀನು, ಜೀತ ಎಂದು ಊರೂರು ಓಡಾಡಿದವರು. ಅವರು ತೀರಿಕೊಂಡು ಆರು ತಿಂಗಳಾಗಿತ್ತು. "ಮೇಡಂ, ಮಾವನವರ ಪೇಪರೆಲ್ಲ ನೀಟಾಗಿ ಜೋಡಿಸಿಟ್ಟಿದ್ದೀನಿ, ಒಂದ್ಸಲ ಬಂದು ನೋಡ್ತೀರಾ?" ಎಂದರು ಸೊಸೆ. "ನೀಟಾಗಿ" ಎಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು.

ಹೋಗಿ ನೋಡಿದರೆ ಎಂಟು ಹೊಸ ಫೈಲು. ಪ್ರಸಂಗ (ಆರಾಧನೆಯಲ್ಲಿ ಕೊಡುವ ಉಪದೇಶ), ಪಾಠ, ಪತ್ರ, ಅರ್ಜಿ ಎಂದು ಮುದ್ದಾದ ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು. ಆ ಹೆಣ್ಣುಮಗಳು ಮೂರು ವಾರ ಕೂತು, ಪ್ರೀತಿಯಿಂದ ಮಾಡಿದ ಕೆಲಸ ಅದು. ಆದರೆ ಲಕೋಟೆಗಳೆಲ್ಲ ಗುಜರಿಗೆ ಹೋಗಿದ್ದವು. ಯಾವ ಕಾಗದ ಯಾವುದರ ಪಕ್ಕದಲ್ಲಿತ್ತು ಎಂದು ಹೇಳುವವರು ಈಗ ಯಾರೂ ಇಲ್ಲ. ಕಾಲೇಜು ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು. ಇಂಥದ್ದನ್ನು ನಾಲ್ಕೈದು ಮನೆಗಳಲ್ಲಿ ಕಂಡಿದ್ದೇನೆ. ಅದಕ್ಕೇ, ಹಿರಿಯರು ಬಿಟ್ಟುಹೋದ ಕಾಗದಪತ್ರವನ್ನು ಕೆಡಿಸದೆ ಕಾಪಾಡುವುದು ಹೇಗೆ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾಲ, ಜಾಗ

ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿ, ಯುಗಾದಿಯೊಳಗೆ ಮುಗಿಸಿ. ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಟ್ರಂಕಿನ ಮುಚ್ಚಳವನ್ನೇ ತೆಗೆಯಬೇಡಿ. ಗಾಳಿಯ ತೇವಾಂಶ ಶೇ 65 ದಾಟಿತೆಂದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಭಯ. ಉದ್ದನೆಯ ಮೇಜು, ಹಾಸಲು ಒಗೆದ ಬಿಳಿ ಪಂಚೆ, ಮೆತ್ತನೆಯ ಬ್ರಷ್ಷು, 2ಬಿ ಪೆನ್ಸಿಲ್, ಒಂದು ನೋಟ್‌ಬುಕ್ಕು, ಇಷ್ಟೇ ಸಾಕು. ಪೆನ್ನು ಆ ಕೋಣೆಯೊಳಗೇ ಬರಕೂಡದು. ಕಾಫಿ ಲೋಟವೂ ಅಷ್ಟೇ.

ಕಾಗದ ತೇವವಾಗಿದ್ದರೆ ನೆರಳಲ್ಲಿ ಫ್ಯಾನ್ ಗಾಳಿಗೆ ಹರಡಿ. ಚಿಕ್ಕಮಗಳೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಹಳೇ ಪತ್ರಗಳನ್ನು ಕಾಫಿ ಕಣದಲ್ಲಿ, ಕಾಫಿ ಹಣ್ಣು ಹರಡಿದಂತೆ ಹರಡಿ ಮೂರು ದಿನ ಬಿಸಿಲಿಗಿಟ್ಟಿದ್ದರು. ಕಾಗದ ಒಣಗಿತು ನಿಜ, ನೀಲಿ ಶಾಯಿಯೂ ಅದರ ಜೊತೆಗೆ ಹಾರಿಹೋಯಿತು.

ಟ್ರಂಕು ತೆರೆಯುವುದು: ಎಲ್ಲರೂ ಎಡವುವುದು ಇಲ್ಲೇ

ಮುಚ್ಚಳ ತೆಗೆದ ಕೂಡಲೇ ಕೈ ಹಾಕಬೇಡಿ. ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಎಡಗಡೆ ಕಟ್ಟು, ಬಲಗಡೆ ಕಟ್ಟು, ನಡುವೆ ತುರುಕಿದ್ದು, ಎಲ್ಲ ಕಾಣಬೇಕು. ಮೇಲಿನ ಒಂದು ಪದರ ತೆಗೆದಮೇಲೆ ಮತ್ತೊಂದು ಫೋಟೊ. ತಳ ಕಾಣುವವರೆಗೂ ಹೀಗೇ. ದಾರ ಕಟ್ಟಿದ ಕಟ್ಟಿದ್ದರೆ ಬಿಚ್ಚುವ ಮೊದಲು ಅದರ ಫೋಟೊ ಬೇರೆಯಾಗಿ ತೆಗೆಯಿರಿ. ಆಮೇಲೆ ಒಂದೊಂದೇ ಕಾಗದವನ್ನು, ಇದ್ದ ಸಾಲಿನಲ್ಲೇ ತೆಗೆದು, ಹಿಂಬದಿಯ ಕೆಳಮೂಲೆಯಲ್ಲಿ ಪೆನ್ಸಿಲ್ಲಿನಿಂದ ಹಗುರವಾಗಿ ಸಂಖ್ಯೆ ಹಾಕಿ: ಟ್ರಂಕು 1, ಕಟ್ಟು 3, ಕಾಗದ 14 ಆದರೆ "1-3-14". ಬರೆಯುವಾಗ ಆ ಹಾಳೆಯ ಕೆಳಗೆ ಬೇರೆ ಕಾಗದ ಇರಬಾರದು, ಅಚ್ಚು ಬೀಳುತ್ತದೆ. ಅದೇ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲೂ ಬರೆದು, ಎದುರಿಗೆ ಒಂದೇ ಸಾಲಿನಲ್ಲಿ ಏನೆಂದು ಗುರುತು ಹಾಕಿ. ಯಾರು, ಯಾರಿಗೆ, ಯಾವ ತಾರೀಖು, ಎಷ್ಟು ಪುಟ. ಓದುತ್ತಾ ಕೂರಬೇಡಿ. ಓದಲು ಕೂತವರ ಟ್ರಂಕು ಒಂದೂ ಮುಗಿದಿಲ್ಲ.

ಇಷ್ಟು ಹಟ ಯಾಕೆ ಎಂದರೆ, ಇನ್ನೊಂದು ಮನೆಯ ಟ್ರಂಕಿನಲ್ಲಿ ನನಗೆ ಸಿಕ್ಕಿದ ಒಂದು ಹಾಳೆಯ ಕಥೆ ಹೇಳಬೇಕು. ಒಂದು ಕಡೆ ಭಾನುವಾರದ ಪ್ರಸಂಗದ ಟಿಪ್ಪಣಿ, ಬೈಬಲ್ಲಿನ ನಾಬೋತನ ದ್ರಾಕ್ಷೆ ತೋಟದ ಮೇಲೆ. ಅರಸನೊಬ್ಬ ತನ್ನ ಪ್ರಜೆಯ ಪಿತ್ರಾರ್ಜಿತ ಜಮೀನಿಗೆ ಕಣ್ಣು ಹಾಕಿದ ಕಥೆ ಅದು. ಹಾಳೆ ತಿರುಗಿಸಿದರೆ ಸೈಕ್ಲೋಸ್ಟೈಲ್ (ಹಳೇ ಕಾಲದ ನಕಲು ಯಂತ್ರ) ಮಾಡಿದ ಸರ್ವೆ ನಂಬರುಗಳ ಪಟ್ಟಿ, ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಹೋದ ಜಮೀನುಗಳದ್ದು. ಅದಕ್ಕೆ ಗುಂಡುಸೂಚಿ ಚುಚ್ಚಿ ಸೇರಿಸಿದ್ದು ಪರಿಹಾರ ಕೇಳಿ ಬರೆದ ಅರ್ಜಿಯ ಕಾರ್ಬನ್ ಪ್ರತಿ, ಕೊನೆಯಲ್ಲಿ ಹನ್ನೊಂದು ಹೆಬ್ಬೆಟ್ಟು. ಅದೇ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿ ಇಗರ್ಜಿಯನ್ನು (ಚರ್ಚನ್ನು) ನಾವೆಲ್ಲ ನೋಡಿದ್ದೇವೆ. ಆ ನೀರಿನ ಬಗ್ಗೆ ಒಬ್ಬ ಅಯ್ಯನವರು ವೇದಿಕೆಯಿಂದ ಏನು ಹೇಳಿದರು, ಸೋಮವಾರ ತಾಲ್ಲೂಕು ಕಚೇರಿಗೆ ಏನು ಬರೆದರು ಎನ್ನುವುದು ಒಂದು ಗುಂಡುಸೂಚಿಯಲ್ಲಿ ನಿಂತಿತ್ತು. ಪ್ರಸಂಗ ಒಂದು ಫೈಲಿಗೆ, ಅರ್ಜಿ ಇನ್ನೊಂದು ಫೈಲಿಗೆ ಹೋಗಿದ್ದರೆ ಆ ನಂಟು ಅಲ್ಲಿಗೇ ಕಡಿದುಹೋಗುತ್ತಿತ್ತು.

ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಕಾಗದಪತ್ರ ಬರೆದವರು, ಇಟ್ಟುಕೊಂಡವರು ಯಾವ ಕ್ರಮದಲ್ಲಿ ಇಟ್ಟಿದ್ದರೋ ಅದನ್ನು ಕೆಡಿಸಬಾರದು ಎಂದು ನೆದರ್ಲೆಂಡ್ಸಿನ ಮೂವರು ದಫ್ತರಪಾಲಕರು 1898ರಲ್ಲೇ ಬರೆದಿಟ್ಟರು. ಇಂದಿಗೂ ಜಗತ್ತಿನ ಪತ್ರಾಗಾರಗಳು, ಅಂದರೆ ಹಳೇ ಕಾಗದಪತ್ರ ಕಾಪಿಡುವ ಸಂಸ್ಥೆಗಳು, ನಡೆಯುವುದು ಆ ದಾರಿಯಲ್ಲೇ.

"ಇದರಲ್ಲಿ ಕ್ರಮ ಎಲ್ಲಿದೆ ಮೇಡಂ, ಎಲ್ಲ ತುರುಕಿದ್ದಾರೆ" ಎಂದು ಬಹಳ ಜನ ಕೇಳುತ್ತಾರೆ. ಇರಲಿ. ವಿಂಗಡಣೆ ಮಾಡಲೇಬೇಕು ಅನ್ನಿಸಿದರೆ ಪಟ್ಟಿಯಲ್ಲಿ ಮಾಡಿ, ಕಾಗದದಲ್ಲಿ ಬೇಡ. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ "ವಿಷಯ" ಎಂದು ಒಂದು ಕಾಲಂ ಸೇರಿಸಿದರೆ, ಪ್ರಸಂಗಗಳೆಲ್ಲ ಒಂದೇ ಗಳಿಗೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಕಾಗದ ಇದ್ದಲ್ಲೇ ಇರುತ್ತದೆ.

ಬೈಬಲ್ಲು, ಕೀರ್ತನೆ ಪುಸ್ತಕ, ಪಾಠದ ಪುಸ್ತಕಗಳ ನಡುವೆ ಸಿಕ್ಕಿದ ಚೀಟಿಗೆ ಯಾವ ಪುಸ್ತಕ, ಯಾವ ಪುಟ ಎಂದು ಬರೆದಿಡಿ. ಲಕೋಟೆಯನ್ನು ಬಿಸಾಡಲೇಬೇಡಿ. ಪತ್ರದಲ್ಲಿ "ಬುಧವಾರ ಸಂಜೆ" ಎಂದಷ್ಟೇ ಇರುತ್ತದೆ, ವರ್ಷ ಇರುವುದು ಅಂಚೆ ಮುದ್ರೆಯಲ್ಲಿ. ತಾರೀಖಿಗೆ ಎಂಥ ಬೆಲೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ರೈನ್‌ಹೋಲ್ಡ್ ನೀಬೂರ್ 1915ರಿಂದ 1928ರವರೆಗೆ ಡೆಟ್ರಾಯ್ಟ್‌ನಲ್ಲಿ ಸಭಾಪಾಲಕರಾಗಿದ್ದು, ಕಾರು ಕಾರ್ಖಾನೆಯ ಕಾರ್ಮಿಕರ ಪರ ಬರೆದವರು. ಆಮೇಲೆ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಪ್ರಾಧ್ಯಾಪಕರಾದರು. ಅವರ ಕಾಗದಪತ್ರ ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿ, ಬದಲಿಸಬೇಕಾದ್ದನ್ನು ಬದಲಿಸುವ ಧೈರ್ಯ ಬೇಡುವ ಪ್ರಾರ್ಥನೆ ಅವರದೇ ಹೌದೋ ಅಲ್ಲವೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ಅವರದೇ ಎನ್ನುವುದಕ್ಕೆ ಸಿಕ್ಕಿದ ಗಟ್ಟಿ ಸಾಕ್ಷಿ, ಕ್ರೈಸ್ತ ಯುವತಿಯರ ಸಂಘವಾದ ವೈಡಬ್ಲ್ಯೂಸಿಎಯಲ್ಲಿ ಕೆಲಸ ಮಾಡುತ್ತಿದ್ದ ವಿನಿಫ್ರೆಡ್ ವೈಗಲ್ ಎಂಬಾಕೆಯ 1932ರ ದಿನಚರಿ. ತಾರೀಖು ಹಾಕಿದ ಪುಟ, ಯಾರೂ ಹರಿದು ಬಿಸಾಡಿರಲಿಲ್ಲ.

ಪಿನ್ನು, ಟೇಪು, ಗುಳಿಗೆ

ತುಕ್ಕು ಹಿಡಿದ ಗುಂಡುಸೂಚಿ, ಸ್ಟೇಪಲ್ ಪಿನ್ನು ತೆಗೆಯಲೇಬೇಕು. ಅದು ಕಾಗದವನ್ನು ತಿಂದು ತೂತು ಮಾಡುತ್ತದೆ. ಎಳೆಯಬೇಡಿ. ಕಾಗದ ಮಗುಚಿ, ಪಿನ್ನಿನ ಕಾಲುಗಳ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರು ತೂರಿಸಿ, ಮೊಂಡು ಚಾಕುವಿನ ತುದಿಯಿಂದ ಒಂದೊಂದೇ ಕಾಲು ನೆಟ್ಟಗೆ ಮಾಡಿ, ಮುಂದಿನಿಂದ ಎತ್ತಿ. ಜೊತೆಗಿದ್ದ ಕಾಗದಗಳನ್ನು ಮಡಿಚಿದ ಬಿಳಿ ಹಾಳೆಯೊಳಗೆ ಒಟ್ಟಿಗೆ ಇಟ್ಟು, ಮೇಲೆ "ಪಿನ್ನು ಹಾಕಿತ್ತು" ಎಂದು ಬರೆಯಿರಿ.

ಹರಿದದ್ದಕ್ಕೆ ಸೆಲೋಟೇಪು ಹಚ್ಚಬೇಡಿ. ಹತ್ತು ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೇಡು. ಬಿಸಿ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಕಾಗದವನ್ನು ಮತ್ತೆ ಬಿಡಿಸಲಾಗುವುದಿಲ್ಲ. ಅಂಗಡಿಯವರು "ನೂರು ವರ್ಷ ಬಾಳಿಕೆ" ಎಂದರೆ ನಂಬಬೇಡಿ. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಳ್ಳುತ್ತದೆ. ಮೆತ್ತನೆಯ ಬಣ್ಣದ ಪ್ಲಾಸ್ಟಿಕ್ ಫೈಲು ಕಾಗದದ ಶಾಯಿಯನ್ನು ತನಗೆ ಅಂಟಿಸಿಕೊಳ್ಳುತ್ತದೆ. ನುಸಿಗುಳಿಗೆ ಬೇಡವೇ ಬೇಡ. ಹುಳ ಪೂರ್ತಿ ಸಾಯುವುದೂ ಇಲ್ಲ, ಕೋಣೆಯಲ್ಲಿ ಕೂತವರಿಗೆ ತಲೆನೋವು.

ನನ್ನ ಆಯ್ಕೆ ನಮ್ಮ ಹಳೇ ಬಸ್ತಾ. ತಾಲ್ಲೂಕು ಕಚೇರಿಯಲ್ಲಿ ಕಡತ ಸುತ್ತಿಡುತ್ತಿದ್ದಂತೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಕಟ್ಟುವುದು. ಕೋರಾ ಬಟ್ಟೆ ತಂದು, ಎರಡು ಸಲ ಬಿಸಿನೀರಿನಲ್ಲಿ ಒಗೆದು ಗಂಜಿಯೆಲ್ಲ ಬಿಡಿಸಿ ಬಳಸಿ. ಕಾಗದ ತಿನ್ನುವ ಬೆಳ್ಳಿಹುಳಕ್ಕೆ ಗಂಜಿ ಎಂದರೆ ಹಬ್ಬದೂಟ. ಹಾಳೆಗಳ ನಡುವೆ ಹಳೇ ಪತ್ರಿಕೆ ತುಣುಕಿದ್ದರೆ, ಎರಡೂ ಕಡೆಗೆ ಒಳ್ಳೆಯ ಬಿಳಿ ಹಾಳೆ ಇಡಿ. ಪತ್ರಿಕೆ ಕಾಗದದ ಆಮ್ಲ ಪಕ್ಕದ ಪತ್ರವನ್ನೂ ಕಂದು ಮಾಡುತ್ತದೆ.

ಗುಟ್ಟಿನ ಪತ್ರಗಳು

ಬೇರೆ ಯಾರ ಟ್ರಂಕಿನಲ್ಲೂ ಇಲ್ಲದ ಒಂದು ಭಾರ ಅಯ್ಯನವರ ಟ್ರಂಕಿನಲ್ಲಿ ಇರುತ್ತದೆ. ಗಂಡ ಹೊಡೆಯುತ್ತಾನೆ ಎಂದು ಬರೆದ ಹೆಂಗಸು, ಸಾಲ ಮುಚ್ಚಿಟ್ಟ ಗಂಡಸು, ಮದುವೆಗೆ ಮೊದಲೇ ಬಸುರಾದ ಹುಡುಗಿಯ ತಾಯಿ, ಎಲ್ಲರೂ ದೇವರ ಸಾಕ್ಷಿಯಾಗಿ ಒಬ್ಬರಿಗೇ ಎಂದು ನಂಬಿ ಬರೆದವರು. ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ. ಇಂಥ ಪತ್ರದ ಫೋಟೊ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಎರಡು ಮನೆ ಇವತ್ತಿಗೂ ಮಾತಾಡುತ್ತಿಲ್ಲ.

ಸುಡಬೇಡಿ, ತೋರಿಸಲೂ ಬೇಡಿ. ಮೊದಲ ಎರಡು ಸಾಲಿನಲ್ಲೇ ಎಂಥ ಪತ್ರ ಎಂದು ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಲಕೋಟೆಗೆ ಹಾಕಿ, ಅಂಟಿಸಿ, ಸಂಖ್ಯೆ ಬರೆದು ಇದ್ದ ಜಾಗದಲ್ಲೇ ಇಡಿ. ಪಟ್ಟಿಯಲ್ಲಿ ಹೆಸರು ಬರೆಯದೆ "ಖಾಸಗಿ, ಇಂಥ ವರ್ಷದವರೆಗೆ ಮುಚ್ಚಿದ್ದು" ಎಂದು ಹಾಕಿ. ನಾನು ಪತ್ರದ ತಾರೀಖಿನಿಂದ 75 ವರ್ಷ ಎಂದು ಬರೆಸುತ್ತೇನೆ, ಅದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ವಿದ್ಯಾರ್ಥಿಗಳ ಅಂಕಪಟ್ಟಿ, ಅವರ ಬಗ್ಗೆ ಬರೆದ ಗುಟ್ಟಿನ ಶಿಫಾರಸು ಪತ್ರಗಳಿಗೂ ಇದೇ ಲಕೋಟೆ.

ದೀಕ್ಷಾಸ್ನಾನದ ರಿಜಿಸ್ಟರು, ಮದುವೆ ರಿಜಿಸ್ಟರು ಸಿಕ್ಕಿದರೆ ಅದು ಮನೆಯದಲ್ಲ, ಸಭೆಯದು. ಮರುದಿನವೇ ಕೊಟ್ಟು ಸಹಿ ತೆಗೆದುಕೊಳ್ಳಿ.

ಸ್ಕ್ಯಾನು

300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎನ್ನುವ ಅಳತೆ) ಸಾಕು, ಮಾಸಿದ ಕಾರ್ಬನ್ ಪ್ರತಿಗೆ 400. ಏನೂ ಬರೆಯದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಮೊಬೈಲ್ ಆ್ಯಪ್ ತಾನಾಗಿಯೇ ಅಂಚು ಕತ್ತರಿಸುತ್ತದೆ, ಅಂಚಿನಲ್ಲಿ ಬರೆದ ತಾರೀಖೂ ಅದರೊಂದಿಗೆ ಹೋಗುತ್ತದೆ. ಆ ಸೌಲಭ್ಯವನ್ನು ಆಫ್ ಮಾಡಿಡಿ. ಫೈಲಿನ ಹೆಸರು ಪೆನ್ಸಿಲ್ ಸಂಖ್ಯೆಯೇ ಆಗಿರಲಿ. ಸ್ಕ್ಯಾನ್ ಆಯಿತೆಂದು ಮೂಲ ಬಿಸಾಡುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಎಲ್ಲಿಗೆ ಕೊಡುವುದು

ಮನೆಯ ಅಟ್ಟಕ್ಕಿಂತ ಪತ್ರಾಗಾರ ಮೇಲು. ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ, ಮಂಗಳೂರು ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನದಿದೆ. ಹೋಗುವ ಮೊದಲು ಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಟೇಪಿನಲ್ಲಿ ಅಳೆಯಿರಿ. ಪತ್ರಾಗಾರದವರು ಕೇಳುವುದು ಎಷ್ಟು ಕಾಗದ ಎಂದಲ್ಲ, ಕಪಾಟಿನಲ್ಲಿ ಎಷ್ಟು ಅಡಿ ಜಾಗ ಬೇಕು ಎಂದು.

ಬಾಯಿಮಾತಿನಲ್ಲಿ ಕೊಡಬೇಡಿ. ದಾನಪತ್ರದಲ್ಲಿ ಮೂರು ಮಾತು ಇರಲೇಬೇಕು: ಮುಚ್ಚಿದ ಲಕೋಟೆಗಳನ್ನು ಯಾವ ವರ್ಷ ತೆರೆಯಬಹುದು, ಕುಟುಂಬದವರು ಯಾವಾಗ ಬಂದು ನೋಡಬಹುದು, ಕೃತಿಸ್ವಾಮ್ಯ ಯಾರದು. ಕೊನೆಯದರಲ್ಲಿ ಬಹಳ ಜನ ತಪ್ಪುತ್ತಾರೆ. ಮಾವನವರಿಗೆ ಬಂದ ಪತ್ರದ ಕಾಗದ ನಿಮ್ಮದು, ಅದರ ಮಾತು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದನ್ನು ಅಚ್ಚು ಹಾಕಲು ಬರೆದವರ ಅಥವಾ ಅವರ ವಾರಸುದಾರರ ಒಪ್ಪಿಗೆ ಬೇಕು. ನಿಮ್ಮ ಕೈಯಲ್ಲಿರುವುದು ಮಾವನವರು ತಾವೇ ಬರೆದದ್ದರ ಹಕ್ಕು ಮಾತ್ರ.

ಎಂಟು ಫೈಲಿನ ಮನೆಯ ಸೊಸೆ ಆಮೇಲೆ ನನ್ನ ಜೊತೆ ಕೂತು ನೆನಪಿದ್ದಷ್ಟನ್ನು ಬರೆಸಿದರು. ಯಾವ ಪೆಟ್ಟಿಗೆಯಲ್ಲಿ ಏನಿತ್ತು, ಕೆಂಪು ದಾರದ ಕಟ್ಟು ಯಾವುದು, ಮೇಜಿನ ಡ್ರಾಯರಿನದು ಯಾವುದು ಎಂದು ಒಟ್ಟು ನಾಲ್ಕು ಪುಟವಾಯಿತು. ಅದನ್ನೂ ಕಾಗದಗಳ ಜೊತೆಗೇ ಕೊಟ್ಟೆವು. ಪತ್ರಾಗಾರದ ರಶೀದಿ ಮತ್ತು ಪಟ್ಟಿಯ ಒಂದು ಪ್ರತಿ ಅವರ ಮನೆಯ ದೊಡ್ಡ ಬೈಬಲ್ಲಿನಲ್ಲಿದೆ, ಮನೆಯವರ ಹುಟ್ಟು, ಸಾವು ಬರೆದಿಟ್ಟ ಪುಟದ ನಡುವೆ.